ಪೈಪು ಬಂತು, ನೀರಗಂಟಿ ಬರಲಿಲ್ಲ

ಕೋಲಾರ ಜಿಲ್ಲೆಯ ರೈತನಿಗೆ ಡ್ರಿಪ್ ಅಂದರೇನೆಂದು ಗೊತ್ತಿಲ್ಲ ಅಂತ ಯಾರಾದರೂ ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಭಾಷಣ ಮಾಡಿದರೆ, ಆ ಮಹನೀಯರನ್ನು ಒಂದು ಸಲ ಇತ್ತ ಕರೆದುಕೊಂಡು ಬರಬೇಕು. ಟೊಮ್ಯಾಟೊ ಹೊಲಕ್ಕೆ ಡ್ರಿಪ್, ಹಿಪ್ಪುನೇರಳೆ ತೋಟಕ್ಕೆ ಡ್ರಿಪ್, ಮಾವಿನ ಸಸಿಗೆ ಡ್ರಿಪ್, ಹಿತ್ತಲಿನ ನಾಲ್ಕು ಸಾಲು ಬೀನ್ಸಿಗೂ ಡ್ರಿಪ್. ಗುಜರಿ ಅಂಗಡಿಗಳ ಮುಂದೆ ಹಳೇ ಕರಿ ಪೈಪಿನ ಸುರುಳಿಗಳ ರಾಶಿ. "ಡ್ರಿಪ್ ಹಾಕಿದೀರಾ?" ಅಂತ ಕೇಳಿದರೆ, "ಹಾಕದೆ ಬೆಳೆಯೋದು ಹೆಂಗೆ ಸ್ವಾಮಿ?" ಅಂತ ತಿರುಗಿ ನಮ್ಮನ್ನೇ ಕೇಳುವ ಕಾಲ ಇದು.

ಹಾಗಾದರೆ ಈ ಅಂಕಣದಲ್ಲಿ ಡ್ರಿಪ್ಪಿನ ಮಾತು ಯಾಕೆ? ಕಾರಣ ಇದೆ. ಅದೇ ರೈತನಿಗೆ ಇನ್ನು ನಾಲ್ಕು ಪ್ರಶ್ನೆ ಹಾಕಿ ನೋಡಿ. ನಿಮ್ಮ ಡ್ರಿಪ್ಪರಿನಿಂದ ಗಂಟೆಗೆ ಎಷ್ಟು ಲೀಟರ್ ಬೀಳುತ್ತೆ? ಮೊದಲನೇ ಗಿಡಕ್ಕೆ ಬಿದ್ದಷ್ಟೇ ಕೊನೇ ಗಿಡಕ್ಕೂ ಬೀಳುತ್ತಾ? ಫಿಲ್ಟರ್ ಬಿಚ್ಚಿ ತೊಳೆದದ್ದು ಯಾವಾಗ? ಇವತ್ತು ಎಷ್ಟು ಹೊತ್ತು ನೀರು ಬಿಡಬೇಕು ಅಂತ ತೀರ್ಮಾನ ಮಾಡಿದ್ದು ಹೇಗೆ? ನಾಲ್ಕಕ್ಕೂ ಸರಿಯಾದ ಉತ್ತರ ಕೊಡುವ ರೈತರು ಇದ್ದಾರೆ, ಇಲ್ಲ ಅನ್ನಲಾಗದು. ಅವರ ತೋಟ ನೋಡಿದರೆ ಕಣ್ಣು ತಂಪಾಗುತ್ತದೆ. ಆದರೆ ಬಹಳ ಕಡೆ ಕೊನೇ ಪ್ರಶ್ನೆಗೆ ಸಿಗುವ ಉತ್ತರ ಒಂದೇ: "ಕರೆಂಟು ಇರೋ ತನಕ."

ಈ ಉತ್ತರದಲ್ಲೇ ನಮ್ಮ ಜಿಲ್ಲೆಯ ನೀರಿನ ಜಾತಕ ಇದೆ.

ನದಿ ಇಲ್ಲದ ಜಿಲ್ಲೆ

ವರ್ಷವಿಡೀ ಹರಿಯುವ ಒಂದು ನದಿ ನಮಗಿಲ್ಲ. ಪಾಲಾರ್ ಹೆಸರಿಗೆ ಜಿಲ್ಲೆಯನ್ನು ದಾಟಿಕೊಂಡು ಹೋಗುತ್ತದೆ, ಅದರ ಪಾತ್ರದಲ್ಲಿ ಮರಳು ಕಂಡವರು ಹೆಚ್ಚು, ನೀರು ಕಂಡವರು ಕಡಿಮೆ. ನದಿ ಇಲ್ಲದ ಕೊರತೆಯನ್ನು ಹಿಂದಿನವರು ಕೆರೆ ಕಟ್ಟಿ ತುಂಬಿಕೊಂಡರು. ಮಳೆ ಬಿದ್ದರೆ ಕೆರೆ, ಕೆರೆ ತುಂಬಿದರೆ ಬಾವಿ, ಬಾವಿಯಲ್ಲಿ ನೀರಿದ್ದರೆ ಏತ ಇಲ್ಲವೇ ಕಪಿಲೆ. ಎತ್ತು ದಣಿಯುವಷ್ಟು ನೀರು ಮೇಲೆ ಬರುತ್ತಿತ್ತು, ಅದಕ್ಕಿಂತ ಹೆಚ್ಚು ಎತ್ತುವ ದಾರಿಯೇ ಇರಲಿಲ್ಲ.

ಆಮೇಲೆ ಪಂಪ್‌ಸೆಟ್ ಬಂತು, ಬಾವಿ ಬತ್ತಿತು. ಕೊಳವೆಬಾವಿ ಬಂತು, ಇನ್ನೂರು ಅಡಿ, ನಾನೂರು ಅಡಿ ಅಂತ ಶುರುವಾದದ್ದು ಸಾವಿರ ಅಡಿ ದಾಟಿತು. ಈಗ ಸಾವಿರದ ಇನ್ನೂರು ಅಡಿ ಕೊರೆಸಿದೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ನಮ್ಮ ತಾಲ್ಲೂಕುಗಳು ವರ್ಷಗಳಿಂದ ಖಾಯಂ ಸದಸ್ಯರು. ಅಂತರ್ಜಲ ಬಳಕೆಯನ್ನು ನಿಯಂತ್ರಿಸಲು ರಾಜ್ಯ 2011ರಲ್ಲಿ ಕಾಯಿದೆಯನ್ನೇ ತಂದಿತು, ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಹೊಸ ಕೊಳವೆಬಾವಿ ಕೊರೆಸುವಂತಿಲ್ಲ. ಕಾಯಿದೆ ಕಾಗದದ ಮೇಲೆ, ರಿಗ್ ಲಾರಿ ರಸ್ತೆಯ ಮೇಲೆ.

ಹೀಗೆ ಸಾವಿರ ಅಡಿಯಿಂದ ಮೇಲೆ ಬಂದ ನೀರು ಬೆಳೆದವನ ಮನೆಯ ಒಡವೆ ಅಡವಿಟ್ಟು ತಂದ ನೀರು. ಒಂದು ಕೊಳವೆಬಾವಿ ಫೇಲಾದರೆ ಸಾಲ, ಎರಡು ಫೇಲಾದರೆ ಜಮೀನು, ಮೂರು ಫೇಲಾದರೆ ಊರು ಬಿಟ್ಟು ಬೆಂಗಳೂರು. ಇಂಥ ನೀರನ್ನು ಹನಿ ಹನಿಯಾಗಿ ಬಳಸಲು ಬಂದದ್ದು ಡ್ರಿಪ್. ಅದು ಇಲ್ಲಿ ಸೋತರೆ ಅದರ ಹಿಂದೆ ಇನ್ನೊಂದು ಉಪಾಯ ಕಾದು ನಿಂತಿಲ್ಲ.

ನೀರಗಂಟಿ ಅಂತ ಒಬ್ಬನಿದ್ದ

ಹೊಸ ತಲೆಮಾರಿನ ಓದುಗರಿಗೆ ಈ ಪದವೇ ಗೊತ್ತಿಲ್ಲದೆ ಇರಬಹುದು. ಕೆರೆ ಇದ್ದ ಊರಿಗೆಲ್ಲ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವವನು ಅವನು, ಮುಚ್ಚುವವನು ಅವನು. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು, ಯಾವ ಕಾಲುವೆಯಲ್ಲಿ ಅಂತ ಅವನ ತಲೆಯಲ್ಲಿ ಲೆಕ್ಕ. ಕೆರೆ ಅರ್ಧ ತುಂಬಿದ ವರ್ಷ ಎಷ್ಟು ಗದ್ದೆಗೆ ನೀರು ಸಾಲುತ್ತದೆ ಅಂತ ಊರವರು ಕೂತು ಮಾತಾಡುವಾಗ ಅವನ ಮಾತಿಗೆ ಬೆಲೆ. ಅವನಿಗೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ಸಿಕ್ಕುವ ಆಯವೇ ಅವನ ಸಂಬಳ. ಬಹುಪಾಲು ಕಡೆ ಆತ ಊರಾಚೆಯ ಕೇರಿಯವನು. ಕೆರೆ ನೀರಿನ ಲೆಕ್ಕ ಅವನ ಕೈಯಲ್ಲಿ, ಕೆರೆ ಕೆಳಗಿನ ಗದ್ದೆ ಮಾತ್ರ ಇನ್ನೊಬ್ಬರದು. ಆ ಕಾಲ ಚಿನ್ನದ ಕಾಲ ಅಂತ ನಾವೇನೂ ಹಾಡಿ ಹೊಗಳುವುದಿಲ್ಲ.

ಆದರೆ ಒಂದು ಮಾತು ನಿಜ. ನೀರಿನ ವ್ಯವಸ್ಥೆ ಅಂದರೆ ಬರೀ ಕಟ್ಟೆ, ತೂಬು, ಕಾಲುವೆ ಅಲ್ಲ, ಅದನ್ನು ತಿಳಿದು ನಡೆಸುವ ಒಬ್ಬ ಮನುಷ್ಯನೂ ಸೇರಿದರೇ ವ್ಯವಸ್ಥೆ ಅಂತ ಊರಿಗೆ ಗೊತ್ತಿತ್ತು. ಡ್ರಿಪ್ಪಿನ ವಿಷಯದಲ್ಲಿ ಮರೆತದ್ದು ಇದನ್ನೇ. ಪೈಪು ಬಂತು, ವಾಲ್ವು ಬಂತು, ಫಿಲ್ಟರ್ ಬಂತು. ನೀರಗಂಟಿ ಬರಲಿಲ್ಲ.

ಡ್ರಿಪ್ ಹುಟ್ಟಿದ ದೇಶದಲ್ಲಿ ಏನಾಯಿತು ನೋಡಿ. ಇಸ್ರೇಲಿನ ಸಿಂಚಾ ಬ್ಲಾಸ್ ಎಂಬ ಎಂಜಿನಿಯರ್ ಮಾಡಿದ ಡ್ರಿಪ್ಪರುಗಳು 1960ರ ದಶಕದಲ್ಲಿ ಅಲ್ಲಿನ ಒಂದು ಕಿಬ್ಬುಟ್ಸ್‌ನ ಕಾರ್ಖಾನೆಯಲ್ಲಿ ತಯಾರಾಗತೊಡಗಿದವು. ಅದಕ್ಕೆ ಮುಂಚೆಯೇ, 1959ರಲ್ಲಿ, ನೀರೆಲ್ಲ ಸಾರ್ವಜನಿಕ ಸ್ವತ್ತು ಅಂತ ಆ ದೇಶ ಕಾನೂನು ಮಾಡಿಕೊಂಡಿತ್ತು. ನೀರಿಗೆ ಮೀಟರ್ ಇತ್ತು, ಇಂತಿಷ್ಟೇ ಅಂತ ಕೋಟಾ ಇತ್ತು. ಅಳೆದು ಕೊಟ್ಟ ನೀರಿನಲ್ಲಿ ಹೆಚ್ಚು ಬೆಳೆಯುವ ಗರಜು ರೈತನಿಗಿತ್ತು, ಅದಕ್ಕೆ ಡ್ರಿಪ್ ಒದಗಿತು. ನಾವು ಅಲ್ಲಿಂದ ಪೈಪಿನ ವಿದ್ಯೆ ತಂದೆವು, ಅಳತೆಯ ವಿದ್ಯೆಯನ್ನು ಅಲ್ಲೇ ಬಿಟ್ಟು ಬಂದೆವು.

ಸಬ್ಸಿಡಿ ಪುರಾಣ

ಕೇಂದ್ರ ಸರ್ಕಾರ ಹನಿ ನೀರಾವರಿಗೆಂದೇ 2006ರಲ್ಲಿ ಯೋಜನೆ ತಂದಿತು. 2010ರಲ್ಲಿ ಅದು ರಾಷ್ಟ್ರೀಯ ಮಿಷನ್ ಆಯಿತು. 2015ರಲ್ಲಿ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯೊಳಗೆ ಸೇರಿ 'ಪ್ರತಿ ಹನಿಗೆ ಹೆಚ್ಚು ಬೆಳೆ' ಎಂಬ ಹೆಸರು ಪಡೆಯಿತು. ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45 ಎಂಬುದು ಕೇಂದ್ರದ ಲೆಕ್ಕ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸಿ ಶೇ. 90ರ ತನಕ ಕೊಟ್ಟದ್ದುಂಟು. ವರ್ಗ, ಹಿಡುವಳಿ, ಇಲಾಖೆ, ವರ್ಷ ನೋಡಿಕೊಂಡು ಪ್ರಮಾಣ ಬದಲಾಗುತ್ತದೆ. ಕೃಷಿ ಬೆಳೆಗೆ ಕೃಷಿ ಇಲಾಖೆ, ಹಣ್ಣು ತರಕಾರಿಗೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ಒಬ್ಬನೇ ರೈತ, ಒಂದೇ ಕೊಳವೆಬಾವಿ, ಬಾಗಿಲು ಮಾತ್ರ ಮೂರು.

ಸಬ್ಸಿಡಿ ಬೇಡ ಅಂತ ನಾವು ಹೇಳುತ್ತಿಲ್ಲ. ಅದು ಇರದಿದ್ದರೆ ಎರಡೆಕರೆಯವನು ಡ್ರಿಪ್ ಮುಟ್ಟುತ್ತಲೇ ಇರಲಿಲ್ಲ. ಆದರೆ ಸಬ್ಸಿಡಿಗೆ ಬೇಕಾದ್ದೇನು? ಪಹಣಿ, ಫ್ರೂಟ್ಸ್ ಗುರುತಿನ ಸಂಖ್ಯೆ, ಬ್ಯಾಂಕ್ ಪಾಸ್‌ಪುಸ್ತಕ, ಕೊಟೇಷನ್, ಪೈಪ್ ಹಾಕಿದ ಜಮೀನಿನಲ್ಲಿ ನಿಂತ ಒಂದು ಫೋಟೋ. ಎಷ್ಟು ಮೀಟರ್ ಪೈಪ್ ಬಿದ್ದಿದೆ ಅಂತ ಅಳೆಯುತ್ತಾರೆ. ಆ ಪೈಪಿನಿಂದ ಕೊನೇ ಗಿಡಕ್ಕೆ ಎಷ್ಟು ನೀರು ಬಿತ್ತು ಅಂತ ಎರಡು ವರ್ಷ ಬಿಟ್ಟು ಬಂದು ಅಳೆದವರನ್ನು ತೋರಿಸಿ. ಪೈಪ್ ಕೊಟ್ಟ ಕಂಪನಿ ಅನಂತರದ ಸೇವೆಯನ್ನೂ ಕೊಡಬೇಕು, ರೈತನಿಗೆ ತಿಳಿವಳಿಕೆ ಹೇಳಬೇಕು ಅನ್ನೋದು ನಿಯಮದಲ್ಲೇ ಇದೆ. ಹೊಲದಲ್ಲಿ ಆ ತಿಳಿವಳಿಕೆ ಬಹಳ ಸಲ ಪೈಪ್ ಜೋಡಿಸಲು ಬಂದ ಹುಡುಗರು ಹೊರಡುವ ಮುಂಚೆ ಹೇಳುವ ಎರಡು ಮಾತಿಗೆ ಮುಗಿಯುತ್ತದೆ: "ಈ ವಾಲ್ವು ಹಿಂಗೆ ತಿರುಗಿಸಿ. ಇದು ಫಿಲ್ಟರು."

ಒಂದು ಎಕರೆಯ ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. ಬೇಜಾರು ಮಾಡಿಕೊಳ್ಳಬೇಡಿ, ಅಂಗಡಿ ಚೀಟಿ ಓದಬಲ್ಲವರಿಗೆಲ್ಲ ಬರುವ ಲೆಕ್ಕ ಇದು.

ಒಂದು ಎಕರೆ ಅಂದರೆ ಸುಮಾರು 4,000 ಚದರ ಮೀಟರ್. ಟೊಮ್ಯಾಟೊ ಸಾಲಿನಿಂದ ಸಾಲಿಗೆ 4 ಅಡಿ, ಅಂದರೆ 1.2 ಮೀಟರ್. ಡ್ರಿಪ್ಪರಿನಿಂದ ಡ್ರಿಪ್ಪರಿಗೆ 40 ಸೆಂಟಿಮೀಟರ್. ಒಟ್ಟು ಸುಮಾರು 8,300 ಡ್ರಿಪ್ಪರ್ ಆದವು. ಒಂದೊಂದೂ ಗಂಟೆಗೆ 2 ಲೀಟರ್ ಸುರಿಸುವಂಥದ್ದು ಅಂದುಕೊಂಡರೆ ಗಂಟೆಗೆ 16,600 ಲೀಟರ್ ನೀರು ಬೇಕು.

ಇನ್ನು ಕೊಳವೆಬಾವಿಯ ಕಡೆ ಬನ್ನಿ. 200 ಲೀಟರಿನ ಡ್ರಮ್ಮು ಇಟ್ಟು, ತುಂಬಲು ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ. ಒಂದೂವರೆ ನಿಮಿಷಕ್ಕೆ ತುಂಬಿದರೆ ಗಂಟೆಗೆ 8,000 ಲೀಟರ್ ಆಯಿತು. ಬೇಕಾದ್ದು ಹದಿನಾರು ಸಾವಿರ, ಬರೋದು ಎಂಟು ಸಾವಿರ. ಒಂದೆಕರೆಗೂ ಒಂದೇ ಸಲ ವಾಲ್ವು ತೆಗೆದರೆ ಏನಾಗುತ್ತೆ? ಒತ್ತಡ ಬೀಳುತ್ತದೆ. ತಲೆಯ ಕಡೆಯ ಗಿಡಕ್ಕೆ ನೀರು, ಬಾಲದ ಕಡೆಯ ಗಿಡಕ್ಕೆ ಬರೀ ಪೈಪು. ಕೊನೇ ಗಿಡ ಬಾಡಿತು ಅಂತ ಇನ್ನೂ ಮೂರು ಗಂಟೆ ಬಿಡುತ್ತಾರೆ, ಮೊದಲಿನ ಗಿಡದ ಬೇರು ಕೊಳೆಯುತ್ತದೆ. ಆಮೇಲೆ "ಡ್ರಿಪ್ಪು ನಮ್ಮ ಮಣ್ಣಿಗೆ ಆಗಿಬರಲ್ಲ" ಅಂತ ತೀರ್ಮಾನ. ಎಕರೆಯನ್ನು ಎರಡು ಭಾಗ ಮಾಡಿ ಒಂದಾದ ಮೇಲೊಂದಕ್ಕೆ ಬಿಟ್ಟಿದ್ದರೆ ಈ ತೀರ್ಮಾನದ ಅಗತ್ಯವೇ ಬೀಳುತ್ತಿರಲಿಲ್ಲ. ನೀರು ಇನ್ನೂ ಕಡಿಮೆಯಾದರೆ ಮೂರು ಭಾಗ ಮಾಡಬೇಕು.

ಎಷ್ಟು ಹೊತ್ತು ಬಿಡಬೇಕು? ಬೇಸಿಗೆಯಲ್ಲಿ ಪೂರಾ ಬೆಳೆದ ಬೆಳೆಗೆ ದಿನಕ್ಕೆ ಸುಮಾರು 5ರಿಂದ 6 ಮಿಲಿಮೀಟರ್ ನೀರು, ಅಂದರೆ ಎಕರೆಗೆ 20ರಿಂದ 24 ಸಾವಿರ ಲೀಟರ್. ನಮ್ಮ ಎಂಟು ಸಾವಿರ ಲೀಟರಿನ ಕೊಳವೆಬಾವಿಗೆ ಅದು ಎರಡೂವರೆಯಿಂದ ಮೂರು ಗಂಟೆಯ ಕೆಲಸ. ಸಸಿ ನೆಟ್ಟ ಹೊಸತರಲ್ಲಿ ಇದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಸಾಕು. ಮೋಡ ಕವಿದ ದಿನ ಇನ್ನೂ ಕಡಿಮೆ. ಲೆಕ್ಕ ಒರಟಾಯಿತು, ನಿಜ. ಆದರೂ 'ಕರೆಂಟು ಇರೋ ತನಕ' ಎಂಬ ಲೆಕ್ಕಕ್ಕಿಂತ ವಾಸಿ. ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಏಳು ಗಂಟೆ ಎಂಬುದು ಸರ್ಕಾರದ ಮಾತು, ಅದು ಹಗಲು ಬಂತೋ ರಾತ್ರಿ ಬಂತೋ ಅವರಿಗೇ ಪ್ರೀತಿ. ರಾತ್ರಿ ಹೊಲಕ್ಕೆ ಹೋಗಲು ಹಾವು ಚೇಳಿನ ಭಯ. ಹಾಗಾಗಿ ಆಟೋ ಸ್ಟಾರ್ಟರ್ ಹಾಕಿ ಮಲಗಿದವನ ಹೊಲದಲ್ಲಿ ಒಂದು ಜಾಯಿಂಟ್ ಕಿತ್ತರೆ ಬೆಳಗಿನ ಹೊತ್ತಿಗೆ ಒಂದು ಮೂಲೆ ಕೆಸರುಗದ್ದೆ, ಉಳಿದದ್ದು ಬಯಲು. ತಪ್ಪು ಅವನೊಬ್ಬನದೇ ಅಂತ ಹೇಳಲು ನಮಗೆ ಬಾಯಿ ಬರುವುದಿಲ್ಲ.

ಇನ್ನೊಂದು ಸಂಗತಿ. ಕಾಲುವೆಯಲ್ಲಿ ನೀರು ಹಾಯಿಸಿದವನಿಗೆ ನೆಲ ಒದ್ದೆಯಾದದ್ದು ಕಣ್ಣಿಗೆ ಕಾಣಬೇಕು, ಆಗಲೇ ಸಮಾಧಾನ. ನಮ್ಮ ಕೆಮ್ಮಣ್ಣಿನಲ್ಲಿ ಹನಿ ನೀರು ಅಗಲಕ್ಕೆ ಹರಡುವುದಕ್ಕಿಂತ ಆಳಕ್ಕೆ ಇಳಿಯುವುದೇ ಹೆಚ್ಚು. ಅದರ ಮೇಲೆ ಮಲ್ಚಿಂಗ್ ಹಾಳೆ ಹೊದಿಸಿದರೆ ಏನೂ ಕಾಣುವುದಿಲ್ಲ. ಕಾಣಲಿಲ್ಲ ಅಂತ ಇನ್ನೂ ಬಿಟ್ಟರೆ ನೀರೂ ಹೋಯಿತು, ಕರಗಿಸಿದ ಗೊಬ್ಬರವೂ ಬೇರಿನ ಕೆಳಗೆ ಇಳಿದು ಹೋಯಿತು. ಗುದ್ದಲಿಯಲ್ಲಿ ಒಂದಡಿ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರೆ ಸಾಕು. ಉಂಡೆ ಕಟ್ಟಿದರೆ ನೀರು ಸಾಕು, ಪುಡಿಯಾದರೆ ಸಾಲದು. ರಾಗಿ ಬಿತ್ತುವ ಹದ ನೋಡಲು ಬರುವ ಕೈಗೆ ಇದು ಬಾರದ ವಿದ್ಯೆಯೇನಲ್ಲ.

ಕಟ್ಟಿಕೊಂಡ ಹನಿ

ಸಾವಿರ ಅಡಿಯ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಹೊರಪು ಕಟ್ಟುವುದನ್ನು ಮನೆಯ ಹೆಂಗಸರು ದಿನಾ ಕಾಣುತ್ತಾರೆ. ಅದೇ ಸುಣ್ಣ ಡ್ರಿಪ್ಪರಿನ ಸೂಜಿಮೊನೆಯಂಥ ದಾರಿಯಲ್ಲೂ ಕಟ್ಟುತ್ತದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹೊಂಡದಿಂದ ನೀರೆತ್ತುವವರಿಗೆ ಬೇರೆ ಕಾಟ, ಪಾಚಿ. ಕೊಳವೆಬಾವಿ ನೀರಿಗೆ ಸಾಕಾಗುವ ಜಾಲರಿ ಫಿಲ್ಟರ್ ಹೊಂಡದ ನೀರಿಗೆ ಸಾಲದು, ಅದಕ್ಕೆ ಮರಳಿನ ಫಿಲ್ಟರ್ ಬೇಕು. ಇಷ್ಟು ಹೇಳುವವರಿಲ್ಲದೆ ಹೊಂಡವೂ ಡ್ರಿಪ್ಪೂ ಎರಡೂ ಇದ್ದು ಬೆಳೆ ಒಣಗಿದ್ದುಂಟು.

ಮದ್ದು ಕಷ್ಟದ್ದಲ್ಲ. ಫಿಲ್ಟರಿನ ಹಿಂದೆ ಮುಂದೆ ಒತ್ತಡ ತೋರಿಸುವ ಮುಳ್ಳಿನ ಮೀಟರ್ ಇರುತ್ತದೆ. ಎರಡರ ನಡುವೆ ಅರ್ಧ ಕೆ.ಜಿ.ಯಷ್ಟು ವ್ಯತ್ಯಾಸ ಬಂದರೆ ಫಿಲ್ಟರ್ ಕಟ್ಟಿದೆ, ತೊಳೆಯಬೇಕು. ಹದಿನೈದು ದಿನಕ್ಕೊಮ್ಮೆಯಾದರೂ ಪೈಪುಗಳ ತುದಿಯ ಮುಚ್ಚಳ ಬಿಚ್ಚಿ, ಕೆಂಪು ನೀರು ಹೋಗಿ ತಿಳಿ ನೀರು ಬರುವ ತನಕ ಹರಿಸಬೇಕು. ಸುಣ್ಣ ಕಟ್ಟಿದ್ದರೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹದವಾಗಿ ಸೇರಿಸಿ, ಪೈಪಿನೊಳಗೆ ನಿಲ್ಲಿಸಿ, ಆಮೇಲೆ ತೊಳೆದು ಬಿಡಬೇಕು. ಪಾಚಿಗೆ ಬ್ಲೀಚಿಂಗ್ ಪುಡಿ. ಆದರೆ ಇಲ್ಲಿ ಪ್ರಾಣದ ಮಾತಿದೆ, ಗಮನವಿಟ್ಟು ಓದಿ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ಆಮ್ಲದ ಮೇಲೆ ನೀರು ಸುರಿಯಬಾರದು. ಆಮ್ಲ ಮತ್ತು ಬ್ಲೀಚಿಂಗ್ ಪುಡಿ ಎಂದೂ ಒಟ್ಟಿಗೆ ಸೇರಬಾರದು, ಸೇರಿದರೆ ಬರುವುದು ವಿಷಾನಿಲ. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಪ್ರಮಾಣ ಎಷ್ಟು ಅನ್ನೋದು ನಿಮ್ಮ ನೀರಿನ ಮೇಲೆ ಹೋಗುತ್ತದೆ. ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಂಡೇ ಮಾಡಿ.

ಗೊಬ್ಬರದ ವಿಷಯದಲ್ಲೂ ಇದೇ ಕತೆ. ಪೈಪಿನಲ್ಲೇ ಗೊಬ್ಬರ ಕೊಡುವುದಕ್ಕೆ ರಸಾವರಿ ಅಂತ ಚೆಂದದ ಹೆಸರಿದೆ. ನೀರಿನಲ್ಲಿ ಪೂರಾ ಕರಗುವ ಗೊಬ್ಬರದ ಬೆಲೆ ನೋಡಿ ಹೆದರಿದವರು ಡಿ.ಎ.ಪಿ. ನೆನೆಹಾಕಿ ಬಟ್ಟೆಯಲ್ಲಿ ಸೋಸಿ ಬಿಡುತ್ತಾರೆ. ಕರಗದೆ ಉಳಿದ ಕಸರು ಡ್ರಿಪ್ಪರಿನಲ್ಲಿ ಕೂರುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕ ಇಲ್ಲವೇ ಸಲ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸಿದರೆ ಅದೇ ಗಚ್ಚಾಗುತ್ತದೆ. ಮೊದಲು ಬರೀ ನೀರು, ನಡುವೆ ಗೊಬ್ಬರ, ಕೊನೆಗೆ ಹತ್ತು ಹದಿನೈದು ನಿಮಿಷ ಮತ್ತೆ ಬರೀ ನೀರು. ಇಷ್ಟೇ ಸೂತ್ರ.

ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರಿಗೆ ಒಂದು ಮಾತು. ಸಸಿ ನೆಟ್ಟಾಗ ಬುಡದಲ್ಲಿ ಇಟ್ಟ ಡ್ರಿಪ್ಪರ್ ಹದಿನೈದು ವರ್ಷದ ಮರಕ್ಕೂ ಬುಡದಲ್ಲೇ ಕೂತಿದೆ. ನೀರು ಹೀರುವ ಎಳೆ ಬೇರು ಕೊಂಬೆಯ ನೆರಳು ಬೀಳುವ ಅಂಚಿನ ಕಡೆ ಹೋಗಿ ಎಷ್ಟೋ ಕಾಲವಾಯಿತು. ಮರದ ಸುತ್ತ ಪೈಪನ್ನು ಬಳೆಯಂತೆ ಸುತ್ತಿ ಆ ಅಂಚಿಗೆ ನೀರು ಕೊಟ್ಟರೆ ಮರಕ್ಕೆ ಮುಟ್ಟುತ್ತದೆ.

ವಾಲ್ವು ತಿರುಗಿಸುವ ಕೈ ಯಾರದು?

ತರಬೇತಿ ಶಿಬಿರ ನಡೆಯುತ್ತದೆ, ಊಟವೂ ಇರುತ್ತದೆ, ಕೈಪಿಡಿಯೂ ಸಿಗುತ್ತದೆ. ಹೋಗುವವನು ಪಹಣಿಯಲ್ಲಿ ಹೆಸರಿರುವ ಯಜಮಾನ. ಬೆಳಿಗ್ಗೆ ಎದ್ದು ವಾಲ್ವು ತಿರುಗಿಸುವುದು, ಕಳೆ ಕೀಳುತ್ತಾ ಕೊನೇ ಸಾಲಿನ ಗಿಡ ಬಾಡಿದ್ದನ್ನು ಮೊದಲು ಕಾಣುವುದು ಅನೇಕ ಮನೆಗಳಲ್ಲಿ ಹೆಂಗಸು. ಕಟ್ಟಿದ ಡ್ರಿಪ್ಪರನ್ನು ಪಿನ್ನು ಚುಚ್ಚಿ ಬಿಡಿಸಲು ನೋಡುವವಳೂ ಅವಳೇ. ಚುಚ್ಚಿದ ಮೇಲೆ ಆ ತೂತಿನಿಂದ ಎರಡು ಲೀಟರಿನ ಬದಲು ಹತ್ತು ಲೀಟರ್ ಸುರಿಯುತ್ತದೆ ಅಂತ ಅವಳಿಗೆ ಯಾರೂ ಹೇಳಲಿಲ್ಲ. ಕೈಪಿಡಿ ಗೋಡೆಯ ಗೂಡಿನಲ್ಲಿದೆ.

ಇನ್ನೊಬ್ಬನಿದ್ದಾನೆ, ಗುತ್ತಿಗೆದಾರ ರೈತ. ಕೋಲಾರದ ಮಾರುಕಟ್ಟೆಗೆ ಬರುವ ಟೊಮ್ಯಾಟೊದಲ್ಲಿ ಎಷ್ಟೋ ಪಾಲು ಇನ್ನೊಬ್ಬರ ಜಮೀನನ್ನು ಒಂದೆರಡು ಬೆಳೆಗೆಂದು ಹಿಡಿದು ಬೆಳೆದದ್ದು. ಪಹಣಿ ಅವನ ಹೆಸರಲ್ಲಿ ಇಲ್ಲ, ಹಾಗಾಗಿ ಸಬ್ಸಿಡಿಯೂ ಇಲ್ಲ, ತರಬೇತಿಯ ಕರೆಯೂ ಇಲ್ಲ. ಐ.ಎಸ್.ಐ. ಗುರುತಿಲ್ಲದ ತೆಳು ಪೈಪನ್ನೋ, ಗುಜರಿಯ ಹಳೇ ಪೈಪನ್ನೋ ತಂದು ಹಾಕುತ್ತಾನೆ. ಒಂದು ಬೆಳೆ ಕೈಹತ್ತಿದರೆ ಸಾಕು ಎಂಬ ಆತುರ. ಬಾಕ್ಸಿನ ಬೆಲೆ ಬಿದ್ದ ದಿನ ಅವನ ಪೈಪೂ ಮತ್ತೆ ಗುಜರಿಗೆ. ಹನಿ ನೀರಾವರಿ ಎಷ್ಟು ಎಕರೆಗೆ ಮುಟ್ಟಿತು ಎಂಬ ಸರ್ಕಾರಿ ಲೆಕ್ಕದಲ್ಲಿ ಇವನು ಎಲ್ಲೂ ಇಲ್ಲ.

ಉಳಿದ ನೀರು ಎಲ್ಲಿ ಹೋಯಿತು?

ಈಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಡ್ರಿಪ್ಪಿನಿಂದ ನೀರು ಉಳಿಯುತ್ತದೆ ಅನ್ನೋದು ಸುಳ್ಳಲ್ಲ. ಕಾಲುವೆಯಲ್ಲಿ ಹಾಯಿಸಿದ ನೀರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗಿಡಕ್ಕೆ ದಕ್ಕಿದರೆ, ಚೆನ್ನಾಗಿ ನಡೆಸಿದ ಡ್ರಿಪ್ಪಿನಲ್ಲಿ ಶೇ. 90ರಷ್ಟು ದಕ್ಕುತ್ತದೆ. ಹಾಗಾದರೆ ಇಷ್ಟು ವರ್ಷ, ಇಷ್ಟು ಪೈಪು ಹಾಸಿದ ಜಿಲ್ಲೆಯಲ್ಲಿ ಕೊಳವೆಬಾವಿ ಮೇಲಕ್ಕೆ ಬರಬೇಕಿತ್ತಲ್ಲ?

ಬರಲಿಲ್ಲ. ಯಾಕೆಂದರೆ ಒಂದೆಕರೆಗೆ ಸಾಲುತ್ತಿದ್ದ ನೀರು ಎರಡೆಕರೆಗೆ ಸಾಲಿತು, ಎರಡೆಕರೆಗೂ ನೆಟ್ಟೆವು. ರಾಗಿ, ಹುರುಳಿ ಅಂತ ಮಳೆಯನ್ನೇ ನಂಬಿದ್ದ ಹೊಲವೂ ಟೊಮ್ಯಾಟೊ ಹೊಲವಾಯಿತು. ಒಂದು ಬೆಳೆಯ ಜಾಗದಲ್ಲಿ ಮೂರು ಬೆಳೆ. ಹಿಂದೆ ಕಾಲುವೆಯಲ್ಲಿ ಹಾಳಾಗುತ್ತಿದ್ದ ನೀರಿನಲ್ಲಿ ಒಂದಷ್ಟು ಮತ್ತೆ ನೆಲಕ್ಕೇ ಇಂಗುತ್ತಿತ್ತು, ಈಗ ಅದೂ ಗಿಡದ ಮೂಲಕ ಗಾಳಿಗೆ ಹೋಗುತ್ತದೆ. ಹೀಗೆ ಒಂದು ಗಿಡದ ಲೆಕ್ಕದಲ್ಲಿ ನೀರು ಉಳಿಯಿತು, ಊರಿನ ಲೆಕ್ಕದಲ್ಲಿ ಉಳಿಯಲಿಲ್ಲ. ಹತ್ತು ಎಚ್.ಪಿ. ತನಕ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ಎತ್ತಿದ ನೀರಿಗೆ ಮೀಟರಿಲ್ಲ. ನಾನು ಉಳಿಸಿದರೆ ಪಕ್ಕದ ಹೊಲದವನು ಎತ್ತುತ್ತಾನೆ ಎಂಬ ಭಯ ಎಲ್ಲರಿಗೂ ಇದೆ, ಅದು ಸುಳ್ಳು ಭಯವೂ ಅಲ್ಲ. ಸಾಲ ತೀರಿಸಬೇಕಾದ ರೈತನಿಗೆ ಇನ್ನೊಂದೆಕರೆ ನೆಡಬೇಡ ಅಂತ ಬರೀ ಉಪದೇಶ ಮಾಡುವುದು ಸುಲಭ.

ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಿತು. ಆ ನೀರಿನ ಗುಣದ ಬಗ್ಗೆ ವಾದ ನ್ಯಾಯಾಲಯದ ತನಕ ಹೋಯಿತು, ಅದು ಬೇರೆಯೇ ಅಧ್ಯಾಯ. ನೀರು ತುಂಬಿದ ಕೆರೆಗಳ ಆಸುಪಾಸಿನಲ್ಲಿ ಅನೇಕ ಕೊಳವೆಬಾವಿಗಳಿಗೆ ಜೀವ ಬಂದದ್ದು ಮಾತ್ರ ಜನ ಕಣ್ಣಾರೆ ಕಂಡ ಸಂಗತಿ. ಹೀಗೆ ಮೇಲೆ ಬಂದ ನೀರನ್ನೂ ನಾವು 'ಕರೆಂಟು ಇರೋ ತನಕ' ಎತ್ತಿದರೆ, ಬೆಂಗಳೂರಿನ ಕೊಳಾಯಿ ತಿರುಗಿಸಿದವರ ದಯೆಯ ಮೇಲೆ ನಮ್ಮ ಬೇಸಾಯ ನಿಂತಂತಾಯಿತು.

ಮಾಡಬೇಕಾದ್ದು

ಸಂಬಂಧಪಟ್ಟವರ ಗಮನಕ್ಕೆ ನಾಲ್ಕು ಮಾತು. ಯಾವುದಕ್ಕೂ ಕೋಟಿಗಟ್ಟಲೆ ಬೇಡ.

ಒಂದು, ಗ್ರಾಮ ಪಂಚಾಯಿತಿಗೊಬ್ಬ ಡ್ರಿಪ್ ನೀರಗಂಟಿ ಬೇಕು. ಎಸ್ಸೆಸ್ಸೆಲ್ಸಿ ಓದಿ ಊರಲ್ಲೇ ಇರುವ ಹುಡುಗನಿಗೋ ಹುಡುಗಿಗೋ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಂದಷ್ಟು ದಿನ ಕಲಿಸಿ, ಒತ್ತಡದ ಮೀಟರು, ರಿಪೇರಿ ಸಾಮಾನು ಕೊಡಿ. ಹೊಲಕ್ಕೆ ಬಂದು ಸರಿಮಾಡಿದರೆ ಕೂಲಿ ಕೊಡಲು ರೈತ ಹಿಂಜರಿಯುವುದಿಲ್ಲ, ಪಂಪ್ ಮೆಕ್ಯಾನಿಕ್ಕಿಗೆ ಕೊಡುತ್ತಿಲ್ಲವೇ? ಹಳೇ ನೀರಗಂಟಿಗೆ ಆದಂತೆ ಆಯಕ್ಕೆ ಕೈಯೊಡ್ಡುವ ಗತಿ ಮಾತ್ರ ಇವರಿಗೆ ಬರಬಾರದು.

ಎರಡು, ಸಬ್ಸಿಡಿಯ ತಪಾಸಣೆಗೆ ಬರುವವರು ಫೋಟೋ ಜೊತೆಗೆ ನೀರನ್ನೂ ಅಳೆಯಲಿ, ಒಂದು ವರ್ಷ ಬಿಟ್ಟು ಇನ್ನೊಂದು ಸಲ ಬರಲಿ. ಮೂರು, ತರಬೇತಿ ಹೊಲದಲ್ಲೇ ಆಗಲಿ, ಗಂಡ ಹೆಂಡತಿ ಇಬ್ಬರನ್ನೂ ಕರೆಯಲಿ, ಗುತ್ತಿಗೆಗೆ ಬೆಳೆಯುವವನನ್ನೂ ಕೂರಿಸಿಕೊಳ್ಳಲಿ. ನಾಲ್ಕು, 2020ರಿಂದ ನಡೆದ ಅಟಲ್ ಭೂಜಲ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಪಂಚಾಯಿತಿಗಳಿಗೂ ನೀರಿನ ಆಯವ್ಯಯ ಬರೆಯುವುದನ್ನು ಕಲಿಸಿದರು. ಆ ಲೆಕ್ಕವನ್ನು ಫೈಲಿನಿಂದ ಹೊರಗೆ ತೆಗೆದು, ಬಿತ್ತನೆಗೆ ಮುಂಚೆ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಈ ವರ್ಷ ಊರಿಗೆ ಇಷ್ಟು ನೀರು, ಇಷ್ಟು ಎಕರೆಗೆ ಸಾಕು ಅಂತ ಕೆರೆಯ ಕಾಲದಲ್ಲಿ ಕೂತು ಮಾತಾಡಿದ ಊರಿಗೆ ಇದು ಹೊಸದಲ್ಲ.

ಸರ್ಕಾರ ಮಾಡುವ ತನಕ ರೈತಬಾಂಧವರು ಕಾಯಬೇಕಾಗಿಲ್ಲ. ನಾಳೆ ಕರೆಂಟು ಬಂದಾಗ ಮೂರು ಲೋಟ ತಗೊಂಡು ಹೋಗಿ. ಒಂದನ್ನು ಮೊದಲನೇ ಡ್ರಿಪ್ಪರಿನ ಕೆಳಗೆ, ಒಂದನ್ನು ನಡುವೆ, ಒಂದನ್ನು ಕೊನೆಯಲ್ಲಿ ಇಡಿ. ನೀರು ಸಮನಾಗಿ ಬೀಳಲು ಶುರುವಾದ ಮೇಲೆ ಸರಿಯಾಗಿ ಮೂರು ನಿಮಿಷ ಹಿಡಿಯಿರಿ. ಗಂಟೆಗೆ 2 ಲೀಟರಿನ ಡ್ರಿಪ್ಪರ್ ಆದರೆ ಲೋಟದಲ್ಲಿ 100 ಮಿಲಿಲೀಟರ್ ಇರಬೇಕು, 4 ಲೀಟರಿನದಾದರೆ 200. ಅಳೆಯಲು ಔಷಧಿ ಬಾಟಲಿನ ಮುಚ್ಚಳವೋ ಮಗುವಿನ ಹಾಲಿನ ಬಾಟಲಿಯೋ ಸಾಕು. ಮೂರೂ ಲೋಟ ಸಮ ಇದ್ದರೆ ನಿಮ್ಮ ಡ್ರಿಪ್ಪು ಚೆನ್ನಾಗಿದೆ. ಕೊನೇ ಲೋಟ ಅರ್ಧ ಇದ್ದರೆ ಮೊದಲು ಫಿಲ್ಟರ್ ಬಿಚ್ಚಿ ನೋಡಿ, ಆಮೇಲೆ ಒಂದು ವಾಲ್ವು ಮುಚ್ಚಿ ಮತ್ತೆ ಅಳೆಯಿರಿ. ಹೊಸ ಕೊಳವೆಬಾವಿಗೆ ಪಾಯಿಂಟ್ ಮಾಡಿಸುವ ಮಾತು ಅದಾದ ಮೇಲೆ ಇರಲಿ.